ಹಿಂದಿನ ಗೇಟಿನ ಬಿಳಿ ಅಂಗಿ

ಶಿರಾದಲ್ಲಿ ನನ್ನದು ಸಿಸಿಟಿವಿ ಕ್ಯಾಮೆರಾ ಕೂರಿಸಿಕೊಡುವ ಅಂಗಡಿ. ನನ್ನಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವನು ಈ ಸೀಮೆಯಲ್ಲೇ ಇಲ್ಲ ಎಂದು ಒಂದು ಕಾಲಕ್ಕೆ ಕೊಚ್ಚಿಕೊಳ್ಳುತ್ತಿದ್ದೆ. ಅದನ್ನು ಬಿಟ್ಟದ್ದು ತಾವರೆಕೆರೆ ದಾರಿಯ ಒಂದು ಕಡಲೆಕಾಯಿ ಮಿಲ್ಲಿನ ಕೆಲಸ ಮಾಡಿದ ಮೇಲೆ.

ಆ ಮಿಲ್ಲಿನ ಹಿಂದಿನ ಗೇಟು ಆಫೀಸಿನಿಂದ ಬಹಳ ದೂರ. ಅರ್ಧ ದಾರಿಗೇ ನನ್ನ ಕೇಬಲ್ ಮುಗಿಯಿತು. ಇನ್ನೊಂದು ರೋಲ್ ತರಲು ಊರಿಗೆ ವಾಪಸ್ ಹೋಗಬೇಕು. ನೆತ್ತಿ ಸುಡುವ ಬಿಸಿಲು, ಮೇಲೆ ಸೋಮಾರಿತನ ಬೇರೆ. ಚೀಲದ ತಳದಲ್ಲಿದ್ದ ತೆಳ್ಳನೆಯ ಹಳೇ ತುಂಡುಗಳನ್ನೇ ತಿರುಚಿ ಸೇರಿಸಿ ಟೇಪು ಸುತ್ತಿದೆ. ಚಿತ್ರ ಬಂತು, ಬಣ್ಣ ಪೂರ್ತಿ ಬರಲಿಲ್ಲ. ಅಂಥ ಕೇಬಲ್ ಉದ್ದವಾದಷ್ಟೂ ಮೊದಲು ಸೊರಗುವುದು ಬಣ್ಣವೇ. ನಾನೇ ಗೇಟಿನ ಮುಂದೆ ಓಡಾಡಿ ಬಂದು ರೆಕಾರ್ಡಿಂಗ್ ನೋಡಿದೆ. ನನ್ನ ತಿಳಿಹಳದಿ ಅಂಗಿ ಬೆಳ್ಳಗಿತ್ತು. ಸದಾ ಮುಚ್ಚಿರುವ ಗೇಟು, ಅಲ್ಲಿ ಯಾರು ತಿರುಗಾಡುತ್ತಾರೆ, ಇಷ್ಟು ಸಾಕು ಎಂದುಕೊಂಡೆ.

ಮೂರು ತಿಂಗಳಾದ ಮೇಲೆ ಮಾಲೀಕರು ಕರೆಸಿದರು. ಹಾಡಹಗಲೇ ಆ ಗೇಟಿನಿಂದ ಬೀಜದ ಮೂಟೆ ಕಳುವಾಗಿತ್ತು. ಮಾನಿಟರಿನಲ್ಲಿ ಒಬ್ಬ ಮೂಟೆ ಹೊತ್ತು ಹೋಗುತ್ತಿದ್ದ; ಮುಖವನ್ನು ಮೂಟೆಯೇ ಮುಚ್ಚಿತ್ತು. ಅಂಗಿ ಬಿಳಿ. ಮಿಲ್ಲಿನ ಹಮಾಲಿಗಳಿಗೆಲ್ಲ ತಿಳಿನೀಲಿ ಅಂಗಿ ಹೊಲಿಸಿಕೊಟ್ಟಿದ್ದರು. ಬಿಳಿ ತೊಡುತ್ತಿದ್ದವನು ಎಲ್ಲರಿಗಿಂತ ಹಿರಿಯ ಹಮಾಲಿ ಒಬ್ಬನೇ. ಕೊಟ್ಟ ಅಂಗಿ ಅವನಿಗೆ ಬಿಗಿಯಾಗುತ್ತಿತ್ತಂತೆ.

“ಸಾಬ್ರೇ, ಸರಿಯಾಗಿ ನೋಡಿ ಹೇಳಿ. ಬಿಳೀದೇ ತಾನೇ?” ಎಂದರು ಮಾಲೀಕರು.

ಆ ಮುದುಕ ಬಾಗಿಲಲ್ಲೇ ನಿಂತಿದ್ದ. “ನೀವೇ ಹೇಳಿ ಸಾಬ್ರೇ, ಮಿಸನ್ನು ನಿಮ್ದು. ಇಪ್ಪತ್ ವರ್ಸದಿಂದ ಇಲ್ಲೇ ಮೂಟೆ ಹೊತ್ತಿದೀನಿ. ಅದು ನಾನಲ್ಲ ಕಣ್ರಪ್ಪ.”

ಕೇಬಲ್ ಸರಿಯಿಲ್ಲ, ಇದರಲ್ಲಿ ನೀಲಿಯೂ ಬಿಳಿಯೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಹೆಸರು ಮಣ್ಣುಪಾಲಾಗುತ್ತಿತ್ತು.

“ಬೆಳ್ಳಗೇ ಕಾಣ್ತೈತೆ,” ಎಂದೆ.

ಅಂದೇ ಅವನನ್ನು ಕೆಲಸದಿಂದ ತೆಗೆದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವನು ಅವನು.

ಮರುವಾರ ಯಾರೂ ಕರೆಯದಿದ್ದರೂ ಹೋಗಿ, ನಡುವೆ ಎಲ್ಲೂ ಜೋಡಿಸದೆ ಒಂದೇ ಉದ್ದದ ಒಳ್ಳೆಯ ತಾಮ್ರದ ಕೇಬಲ್ ಎಳೆದೆ. ಎರಡೂ ತುದಿಗೆ ಕನೆಕ್ಟರ್ ಬಿಗಿದೆ. ಒಬ್ಬ ಹಮಾಲಿಯನ್ನು ಗೇಟಿನ ಮುಂದೆ ನಿಲ್ಲಿಸಿ ನೋಡಿದರೆ ಅಂಗಿ ನೀಲಿಯಾಗಿಯೇ ಬಂತು. “ಈಗ ಟೀವಿ ಥರ ಐತೆ ನೋಡಿ,” ಎಂದು ಮಾಲೀಕರು ಖುಷಿಪಟ್ಟರು. ಮೊದಲು ಯಾಕೆ ಹೀಗಿರಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಸುಳ್ಳು, ಹೇಳುತ್ತಿರಲಿಲ್ಲ.

ಅದಾಗಿ ಎಷ್ಟೋ ದಿನಕ್ಕೆ ಆ ಮುದುಕ ಅಂಗಡಿಗೆ ಬಂದ. ಬೈಯಲಿ, ಬೇಕಾದರೆ ಹೊಡೆಯಲಿ ಎಂದು ಎದ್ದು ನಿಂತೆ. ಅವನು ಬೆಂಚಿನ ತುದಿಯಲ್ಲಿ ಕೂತು, ನಾಚಿಕೊಂಡವನಂತೆ ಮೆಲ್ಲಗೆ ಕೇಳಿದ.

“ಮಿಸನ್ನು ಸುಳ್ಳಾಡಲ್ಲ ಅಂತಾರೆ ಎಲ್ಲಾರೂ. ನನ್ ಮಗಳೂ ಅಂಗೇ ಅಂದ್ಲು. ನಂಗೂ ವಯಸ್ಸಾತು, ಈಗೀಗ ಒಂದೊಂದು ಮರ್ತೋಗ್ತೈತೆ. ನಾನೇ ಹೊತ್ಕೊಂಡ್ ಹೋಗಿ ಮರ್ತ್‌ಬುಟ್ಟಿದೀನಾ ಸಾಬ್ರೇ?”

ಎದುರಿನ ಹೋಟೆಲಿನವನನ್ನು ಕೂಗಿ, ಮುದುಕನಿಗೊಂದು ಚಹಾ ಹೇಳಿದೆ.