ಹರಕೆಯೆಂದು ಹೇಳಿದ ಹುಂಜ

ಕೋಳಿ ಸಾಕುವ ಹುಚ್ಚು ನನಗಿರಲಿಲ್ಲ. ಪರ್ಕಳದ ಈ ಸಣ್ಣ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಹಿಂದುಗಡೆ ಉಳಿದದ್ದು ಬಟ್ಟೆ ಒಣಗಿಸುವ ತಂತಿ, ನೀರಿನ ಟ್ಯಾಂಕು ಮತ್ತು ಒಂದು ನುಗ್ಗೆ ಮರ. ಅಲ್ಲಿಗೆ ಕೋಳಿಮರಿಗಳನ್ನು ತಂದವರು ನನ್ನ ಗಂಡ. ಟೆಂಪೊದಲ್ಲಿ ಮರಿ ಮಾರಿಕೊಂಡು ಬಂದವನಿಗೆ ಬೇಡ ಎನ್ನಲು ಇವರಿಗೆ ಬಾಯಿ ಬರಲಿಲ್ಲ. ಇವರಿಗೆ ಯಾರಿಗೂ ಬೇಡ ಎನ್ನಲು ಬಾಯಿ ಬರುವುದಿಲ್ಲ. ಅದಕ್ಕೇ ಊರೆಲ್ಲ ಇವರನ್ನು ಪಾಪದ ಜನ ಎನ್ನುತ್ತದೆ. ಆ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮರಿಗಳಲ್ಲಿ ಅರ್ಧವನ್ನು ಮುಂಗುಸಿ ಒಯ್ದಿತು. ಉಳಿದದ್ದು ಒಂದು ಕೆಂಪು ಹುಂಜ, ಮೂರು ಹೇಂಟೆ. ನಾನು ಹೊಲಿಗೆಯವಳು, ಹಿಂದಿನ ಜಗಲಿಯಲ್ಲೇ ನನ್ನ ಮಿಷನ್. ಮುಂಗುಸಿಗೆ ಹೆದರಿ ಅವುಗಳನ್ನು ನನ್ನ ಕಾಲಬುಡದಲ್ಲೇ ಬೆಳೆಸಬೇಕಾಯಿತು. ಚಿಂದಿ ಬಟ್ಟೆಯ ರಾಶಿಯಲ್ಲಿ ಮಲಗಿ, ನನ್ನ ಕೈಯಿಂದಲೇ ನುಚ್ಚು ತಿಂದು ದೊಡ್ಡದಾದವು. ಹುಂಜನಂತೂ ಮಿಷನ್ನಿನ ಮೇಜು ಹತ್ತಿ, ನಾನು ಕತ್ತರಿಸಿಟ್ಟ ರವಿಕೆಯ ತೋಳಿನ ಮೇಲೆ ಕೂತು ನನ್ನ ಕೆಲಸದ ತಪಾಸಣೆ ಮಾಡುತ್ತಿತ್ತು. ನಾಲಿಗೆಯಲ್ಲಿ ಟಕ್ ಟಕ್ ಎಂದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು. ಪ್ಯಾಂಟು ಗಿಡ್ಡ ಮಾಡಿಸಲು ಬರುವ ಮಣಿಪಾಲದ ಹಾಸ್ಟೆಲಿನ ಹುಡುಗಿಯರು ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಫೋಟೊ ತೆಗೆಯುತ್ತಿದ್ದರು. ಕುತ್ತಿಗೆ ಸವರಿದರೆ ಕಣ್ಣು ಮುಚ್ಚುತ್ತಿತ್ತು. ಅದಕ್ಕೊಂದು ಹೆಸರಿತ್ತು. ಇಲ್ಲಿ ಬರೆಯುವುದಿಲ್ಲ. ತಿಂದವರಿಗೆ ಅದು ಗೊತ್ತಾಗುವುದು ನನಗೆ ಬೇಡ.

ಪಕ್ಕದ ಮನೆಯವರಿಗೆ ಅದು ಕೂಗಿದರೆ ಆಗುತ್ತಿರಲಿಲ್ಲ. ಕಾಂಪೌಂಡಿನ ಮೇಲಿಂದ ತಲೆ ಎತ್ತಿ, "ಇದು ಲೇಔಟು ಅಲ್ವಾ? ಕೋಳಿ ಸಾಕುವುದಾದರೆ ಹಳ್ಳಿಗೆ ಹೋಗಬಹುದಲ್ಲ?" ಎನ್ನುತ್ತಿದ್ದರು. ತಮ್ಮ ಮನೆಯ ನಾಯಿ ಇಡೀ ದಿನ ಬೊಗಳುವುದು ಅವರಿಗೆ ಸಂಗೀತ. ನಾನೂ ಬಿಡುತ್ತಿರಲಿಲ್ಲ. ಇವರು ಮಾತ್ರ ಒಳಗಿಂದ ಓಡಿಬಂದು, ನನ್ನ ಪರವಾಗಿ ಅವರ ಹತ್ತಿರ ಸಾರಿ ಕೇಳಿ ಹೋಗುತ್ತಿದ್ದರು.

ಒಂದು ಭಾನುವಾರ ಕಾಪುವಿನಿಂದ ಭಾವ ಬಂದರು. ಭಾವ ಎಂದರೆ ಇವರ ಅಕ್ಕನ ಗಂಡ. ಜೀವವಿರುವುದೆಲ್ಲವನ್ನೂ ಮಸಾಲೆ ಹಾಕಿಯೇ ನೋಡುವ ಮನುಷ್ಯ. ಹಿತ್ತಿಲಿಗೆ ಹೋದವರೇ ಹುಂಜನನ್ನು ರೆಕ್ಕೆಯ ಬುಡದಲ್ಲಿ ಹಿಡಿದೆತ್ತಿ, ತೊಡೆ ಒತ್ತಿ ನೋಡಿದರು.

"ಎಂತ ಮಾರಾಯ, ಮನೆಯಲ್ಲಿ ಇಷ್ಟು ಒಳ್ಳೆ ಊರ ಕೋಳಿ ಉಂಟು, ನಮಗೆ ಫಾರಂ ಕೋಳಿಯ ಸಾರಾ? ಇದರ ಸುಕ್ಕ ಮಾಡಿದರೆ ಹೇಗೆ ಆಗ್ತದೆ ಗೊತ್ತುಂಟಾ?"

ನಾನು ಅಡಿಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದೆ. ಅಷ್ಟರಲ್ಲಿ ಇವರು ಹೇಳಿಯಾಗಿತ್ತು.

"ಅದು ಆಗುವುದಿಲ್ಲ ಭಾವ. ಅದು ಹರಕೆಯದ್ದು. ದೈವಕ್ಕೆ ಹೇಳಿದ್ದು."

ಭಾವ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಹುಂಜನನ್ನು ಕೆಳಗೆ ಬಿಟ್ಟರು. ನಮ್ಮ ಕಡೆ ದೈವಕ್ಕೆ ಹೇಳಿದ ಕೋಳಿಯನ್ನು ಯಾರೂ ಮುಟ್ಟುವುದಿಲ್ಲ. ಕದಿಯುವವನೂ ಮುಟ್ಟುವುದಿಲ್ಲ. ಅದು ಯಾರ ಹಿತ್ತಿಲಲ್ಲಿ ಮೇಯ್ದರೂ ಓಡಿಸುವುದಿಲ್ಲ. ಆ ದಿನ ಭಾವ ಫಾರಂ ಕೋಳಿಯ ಸಾರನ್ನೇ ಎರಡು ಸಲ ಹಾಕಿಸಿಕೊಂಡು ಉಂಡು ಹೋದರು.

"ಹರಕೆ ಹೇಳಿದ್ದು ಯಾರು? ಯಾವಾಗ?" ಎಂದು ಕೇಳಿದೆ.

"ಸುಮ್ಮನೆ ಹೇಳಿದ್ದು. ಭಾವನಿಗೆ ಬೇಜಾರಾಗಬಾರದಲ್ವಾ?"

"ಹೆಂಡತಿ ಕೊಡುವುದಿಲ್ಲ ಅಂತ ಹೇಳಬಹುದಿತ್ತಲ್ಲ?"

"ಹಾಗೆ ಹೇಳಿದರೆ ನಿನಗೇ ಕೆಟ್ಟ ಹೆಸರು."

ನನ್ನ ಹೆಸರನ್ನು ಉಳಿಸಲು ದೈವದ ಹೆಸರನ್ನು ಎಳೆದು ತಂದ ಮಹಾನುಭಾವರು. ಆದರೂ ಸುದ್ದಿ ಲೇಔಟಿನಲ್ಲಿ ಹಬ್ಬಿತು. ಪಕ್ಕದ ಮನೆಯವರು ಕೂಡ ತೆಪ್ಪಗಾದರು. ದೈವದ ಹುಂಜ ಎಷ್ಟು ಗಂಟೆಗೆ ಕೂಗಬೇಕೆಂದು ಹೇಳಲು ಅವರಿಗೆ ಧೈರ್ಯವಿರಲಿಲ್ಲ. "ನೋಡಿದೆಯಾ?" ಎಂದು ಇವರು ಮೀಸೆಯಡಿ ನಕ್ಕರು. ಒಂದು ಸುಳ್ಳಿನಿಂದ ಎಲ್ಲರನ್ನೂ ಖುಷಿಯಲ್ಲಿಟ್ಟೆನೆಂಬ ಹೆಮ್ಮೆ ಅದು.

ಕಾಪುವಿನಿಂದ ಆ ಸುದ್ದಿ ಕಾರ್ಕಳಕ್ಕೆ ಹೋಗದೆ ಇರುತ್ತದೆಯೇ? ಅಲ್ಲಿರುವುದು ಅತ್ತೆಯ ಕುಟುಂಬದ ಮನೆ. ನಮ್ಮಲ್ಲಿ ಕುಟುಂಬ ತಾಯಿಯ ಕಡೆಯಿಂದ ಬರುವುದು. ಹಾಗಾಗಿ ಆ ಮನೆಯ ದೈವ ಅತ್ತೆಗೂ ಇವರಿಗೂ ಸೇರಿದ್ದು, ನನಗಲ್ಲ. ನನ್ನ ದೈವ ನನ್ನ ತಾಯಿಯ ಮನೆಯದ್ದು. ಇವರು ಬನ್ಸ್ ತಿನ್ನುತ್ತಿದ್ದಾಗ ಅತ್ತೆಯ ಫೋನು ಬಂತು. ಕೈ ಎಣ್ಣೆಯಾಗಿತ್ತೆಂದು ಸ್ಪೀಕರಿಗೆ ಹಾಕಿದರು.

"ಹರಕೆ ಹೇಳಿದರೆ ನನಗೆ ತಿಳಿಸಬೇಕು ಅಂತ ಗೊತ್ತಿಲ್ವಾ ನಿನಗೆ? ಇರಲಿ, ಈ ವರ್ಷದ ಕೋಲಕ್ಕೆ ಒಪ್ಪಿಸಿ ಬಿಡುವ. ಹರಕೆಯನ್ನು ಬಾಕಿ ಇಡಬಾರದು."

ಇವರು ನನ್ನ ಮುಖ ನೋಡಿದರು. ಬನ್ಸ್ ನುಂಗಿದರು. "ಆಯಿತು ಅಮ್ಮ" ಎಂದರು.

ಕೋಲ ಎಂದರೆ ದೈವಕ್ಕೆ ವರ್ಷಕ್ಕೊಮ್ಮೆ ನಡೆಸುವ ಸೇವೆ, ಅಲ್ಲಿ ಕೋಳಿ ಒಪ್ಪಿಸುವುದೆಂದರೆ ಕೊಯ್ಯುವುದು. ಅವತ್ತಿನಿಂದ ನಮ್ಮ ಮನೆಯಲ್ಲಿ ಯುದ್ಧ. ಒಂದೇ ಒಂದು ವಾಕ್ಯ ಸಾಕಿತ್ತು: ನಾನು ಸುಳ್ಳು ಹೇಳಿದೆ ಅಮ್ಮ, ಹರಕೆ ಏನೂ ಇಲ್ಲ. ಬೇಡಿದೆ, ಬೈದೆ, ಇವರ ಅಂಗಿಗೆ ಇಸ್ತ್ರಿ ಹಾಕುವುದನ್ನು ಬಿಟ್ಟೆ. "ದೈವದ ಹೆಸರಿನಲ್ಲಿ ಸುಳ್ಳು ಹೇಳಿದೆ ಅಂತ ಹೇಳುವುದಾ? ಅಮ್ಮನ ಎದುರು?" ಎಂದು ಇವರೇ ನನ್ನನ್ನು ಗಾಬರಿಯಿಂದ ನೋಡುತ್ತಿದ್ದರು. ಸುಳ್ಳು ಹೇಳುವಾಗ ಇಲ್ಲದ ಹೆದರಿಕೆ, ಸುಳ್ಳೆಂದು ಒಪ್ಪುವಾಗ ಬಂದಿತ್ತು. ಕೊನೆಗೆ ನಾನೇ ಅತ್ತೆಗೆ ಫೋನು ಮಾಡಿದೆ.

"ಅತ್ತೆ, ಅವರು ಬಾಯಿಗೆ ಬಂದದ್ದು ಹೇಳಿದ್ದು. ಅದು ನಾನು ಸಾಕಿದ ಹುಂಜ. ನಿಮ್ಮ ಕುಟುಂಬದ ದೈವಕ್ಕೆ ನನ್ನ ಕೋಳಿ ಎಂತಕ್ಕೆ?"

"ಕೋಳಿ ಯಾರದ್ದೇ ಆಗಲಿ, ಹೇಳಿದ ಬಾಯಿ ನಮ್ಮ ಕುಟುಂಬದ್ದು."

"ಬೇರೆ ಹುಂಜ ತರಿಸಿ ಕೊಡುತ್ತೇನೆ. ಇದಕ್ಕಿಂತ ದೊಡ್ಡದು."

"ಇದೇ ಅಂತ ತೋರಿಸಿ ಹೇಳಿದ ಮೇಲೆ ಬೇರೆ ಕೊಡಲಿಕ್ಕೆ ಆಗ್ತದಾ? ನೀನು ಗಂಡ, ಸಂಸಾರ ಇರುವವಳು, ಹೀಗೆಲ್ಲ ಮಾತಾಡಬೇಡ."

ಅತ್ತೆ ಕೆಟ್ಟವರಲ್ಲ ಎಂದು ಹೇಳುವವರು ಹೇಳಲಿ. ನಾನು ಹೇಳುವುದಿಲ್ಲ. ಆದರೆ ಅವರು ನಂಬಿದ್ದನ್ನು ನಂಬಿದ್ದರು, ಅದಕ್ಕೆ ಬೆನ್ನುಮೂಳೆ ಇತ್ತು. ಅವರ ಮಗನಿಗೆ ಅದೂ ಇರಲಿಲ್ಲ.

ಕೋಲದ ದಿನ ಬೆಳಿಗ್ಗೆ ಭಾವನ ಕಾರಿನಲ್ಲಿ ಅತ್ತೆ ಬಂದಿಳಿದರು. ಇವರು ಆಗಲೇ ಬಚ್ಚಲಿಗೆ ಹೊಕ್ಕಿದ್ದರು. ಗೀಸರಿನ ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ. ನನಗೆ ಒಂದೇ ಆಸೆ ಉಳಿದಿತ್ತು. ಬೇರೆಯವರ ಮನೆಯ ಹುಂಜಗಳು ಹಿಡಿಯಲು ಬಂದವರಿಗೆ ಸಿಗದೆ, ಕಾಂಪೌಂಡು ಹಾರಿ, ಮರ ಹತ್ತಿ ಊರು ಸುತ್ತಿಸುತ್ತವಲ್ಲ, ಇದೂ ಹಾಗೆ ಓಡಲಿ ಎಂದು ಹಿಂದಿನ ಗೇಟು ತೆರೆದಿಟ್ಟಿದ್ದೆ. ಗೇಟಿನಾಚೆ ಖಾಲಿ ಸೈಟು, ಆಳೆತ್ತರದ ಪೊದೆ. ಭಾವ ಗೋಣಿಚೀಲ ಬಿಡಿಸಿಕೊಂಡು ಹಿತ್ತಿಲಿಗೆ ಬಂದಾಗ ನಾನು ಕೈ ತಟ್ಟಿ, "ಹುಶ್, ಹೋಗು, ಹೋಗು" ಎಂದು ಕಿರುಚಿದೆ. ಹುಂಜ ಕತ್ತು ವಾರೆ ಮಾಡಿ ನನ್ನನ್ನು ನೋಡಿತು. ನಾನು ಯಾವತ್ತೂ ಅದಕ್ಕೆ ಹಾಗೆ ಕಿರುಚಿದವಳಲ್ಲ.

ಅತ್ತೆ ಜಗಲಿಯ ಮೆಟ್ಟಿಲಲ್ಲಿ ಕೂತು ಮುಷ್ಟಿ ಅಕ್ಕಿ ಚಾಚಿದರು. ಹುಂಜ ಗೇಟನ್ನು ನೋಡಲಿಲ್ಲ, ಪೊದೆಯನ್ನು ನೋಡಲಿಲ್ಲ. ನೇರ ಅವರ ಹತ್ತಿರ ನಡೆದು ಹೋಗಿ, ಎರಡು ಕಾಳು ಹೆಕ್ಕಿ, ಅವರ ಮಡಿಲಿಗೆ ಹತ್ತಿ ಕೂತಿತು.

ಅತ್ತೆಯ ಕಣ್ಣು ತುಂಬಿತು. ಎರಡೂ ಕೈ ಜೋಡಿಸಿದರು.

"ನೋಡು, ತಾನೇ ಬಂತು. ಹರಕೆ ಇಲ್ಲ ಅಂದೆಯಲ್ಲ ನೀನು? ದೈವ ಕರೆಯದೆ ಯಾವ ಕೋಳಿ ಹೀಗೆ ಬರ್ತದೆ?"

"ನಾನು ಕಲಿಸಿದ್ದು ಅತ್ತೆ! ಅದು ಎಲ್ಲರ ಹತ್ತಿರವೂ ಹಾಗೇ ಹೋಗುತ್ತದೆ!"

ಯಾರು ಕೇಳುತ್ತಾರೆ? ಭಾವ ಚಪ್ಪಲಿ ಕಳಚಿ ನಿಂತಿದ್ದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಕೈ ಮುಗಿದರು. ಗೋಣಿಚೀಲ ಬೇಕಾಗಲೇ ಇಲ್ಲ. ಅದು ಅತ್ತೆಯ ಮಡಿಲಲ್ಲೇ ಕೂತು ಕಾರ್ಕಳಕ್ಕೆ ಹೋಯಿತು. ಹೊರಡುವಾಗ ಅತ್ತೆ ಕಾರಿನ ಗ್ಲಾಸು ಇಳಿಸಿ, "ಹೇಂಟೆಗಳೂ ಚೆನ್ನಾಗಿ ಬೆಳೆದಿವೆ" ಎಂದರು. ಆಮೇಲೆ ಬಚ್ಚಲಿನ ನೀರು ನಿಂತಿತು.

ನಾನು ಕೋಲಕ್ಕೆ ಹೋಗಲಿಲ್ಲ. ಇವರು ಹೋಗಿ, ಮಾರನೆಯ ದಿನ ಸ್ಟೀಲಿನ ಡಬ್ಬಿಯೊಂದಿಗೆ ಬಂದರು. ನಮ್ಮ ಪಾಲಂತೆ. ಪ್ರಸಾದ, ಬೇಡ ಎನ್ನಬಾರದಂತೆ. ಬೇಡ ಎನ್ನಲು ಬಾರದ ಮನುಷ್ಯ ಅಡಿಗೆಮನೆಯಲ್ಲಿ ನಿಂತೇ, ನನಗೆ ಬೆನ್ನು ಹಾಕಿ, ಒಣ ರೊಟ್ಟಿ ನೆನೆಸಿಕೊಂಡು ಅದನ್ನು ತಿಂದು ಮುಗಿಸಿದರು. ಡಬ್ಬಿಯನ್ನು ನಾನು ಮುಟ್ಟಲಿಲ್ಲ. ಇವರೇ ತೊಳೆದರು. ಇವರ ಮೇಲಿನ ಸಿಟ್ಟು ಇಳಿಯುತ್ತದೆ ಎಂದು ತಂಗಿ ಹೇಳುತ್ತಾಳೆ. ಇಳಿದಿಲ್ಲ. ಇಳಿಯುವುದೂ ಬೇಡ.

ಅದರ ಮರುದಿನ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಮೂರೂ ಹೇಂಟೆಗಳು ನನ್ನ ಕಾಲು ಸುತ್ತಿಕೊಂಡವು. ನಾನು ಅಂಗಳ ಗುಡಿಸುವ ಹಿಡಿಸೂಡಿ ತೆಗೆದುಕೊಂಡು ಅವುಗಳಿಗೆ ಹೊಡೆದೆ. ದಿನವೂ ಹೊಡೆದೆ. ಹತ್ತಿರ ಬಂದರೆ ಕಾಲು ಕುಟ್ಟಿದೆ, ಕಿರುಚಿದೆ, ನುಚ್ಚನ್ನು ದೂರಕ್ಕೆ ಎಸೆದು ಒಳಗೆ ಹೋದೆ. ಹಾಸ್ಟೆಲಿನ ಹುಡುಗಿಯರಿಗೂ ಮುಟ್ಟಬೇಡಿ ಎಂದೆ. ಒಬ್ಬಳು, "ಯಾಕೆ ಆಂಟಿ, ಪಾಪ ಅಲ್ವಾ?" ಎಂದು ಕೇಳಿದಳು. ಅವಳ ಪ್ಯಾಂಟನ್ನು ಹೊಲಿಯದೆ ವಾಪಸು ಕೊಟ್ಟೆ.

ಎರಡು ಹೇಂಟೆಗಳು ಹೆದರಲು ಕಲಿತವು. ನನ್ನ ಹೆಜ್ಜೆಯ ಸಪ್ಪಳ ಕೇಳಿದರೆ ಈಗ ಟ್ಯಾಂಕಿನ ಹಿಂದಕ್ಕೆ ಓಡುತ್ತವೆ. ಓಡಲಿ. ಕಂದು ಬಣ್ಣದ್ದು ಮಾತ್ರ ಕಲಿಯುವುದಿಲ್ಲ. ಪೆಟ್ಟು ಬಿದ್ದರೆ ಎರಡು ಮಾರು ದೂರ ಹೋಗಿ ನಿಲ್ಲುತ್ತದೆ, ಗರಿ ಕೊಡವಿಕೊಳ್ಳುತ್ತದೆ, ಮತ್ತೆ ಬರುತ್ತದೆ. ಇವತ್ತೂ ಬಂತು. ನನ್ನ ಪಾದದ ಹತ್ತಿರ ರೆಕ್ಕೆ ಸ್ವಲ್ಪ ಬಿಚ್ಚಿ, ಎತ್ತಿಕೊಳ್ಳಲಿ ಎಂದು ನೆಲಕ್ಕೆ ಅಂಟಿ ಕೂತಿತು. "ಓಡು" ಎಂದೆ. "ಓಡೇ, ನಿನ್ನ ದಮ್ಮಯ್ಯ" ಎಂದೆ. ಅದು ಕಣ್ಣು ಮುಚ್ಚಿತು. ನಾನು ಮತ್ತೆ ಹಿಡಿಸೂಡಿ ಎತ್ತಿದೆ.