ಯಾರಿಗೂ ಬೇಡವಾದ ಮೇಲ್‌ಗಳು

ಹೊಸ ಸಾಫ್ಟ್‌ವೇರು ಹಾಕಿದ ಮೇಲೆ ಕಂಪ್ಯೂಟರ್ ತೆರೆದಾಗ ನನ್ನ ಮೇಲ್ ಪೆಟ್ಟಿಗೆಯಲ್ಲಿ ಒಂದೇ ಒಂದು ಪತ್ರವಿತ್ತು. ಈ ಹೊಸ ಆವೃತ್ತಿಗೆ ನಿಮಗೆ ಸ್ವಾಗತ ಎಂದು ಅದನ್ನು ಮಾಡಿದ ಕಂಪನಿಯವರೇ ಬರೆದದ್ದು. ಅದರ ಕೆಳಗೆ ಏನೂ ಇರಲಿಲ್ಲ. ಮೂರು ವರ್ಷ ಕೂಡಿಟ್ಟ ಪತ್ರಗಳಿರಲಿಲ್ಲ, ವಿಳಾಸಗಳಿರಲಿಲ್ಲ. ಸಾಂಗ್ಲಿಯಿಂದ ಬಂದಿದ್ದ ಮೆಕ್ಯಾನಿಕ್ ಅಷ್ಟರಲ್ಲಿ ತನ್ನ ಚೀಲ ಮುಚ್ಚಿ ಆಗಿತ್ತು. ನಾನು ಗಾಬರಿಯಾಗಿ ಕೇಳಿದರೆ, ಹೊಸದು ಹಾಕಿದ ಮೇಲೆ ಹಳೆಯದು ಹೋಗೋದೇ, ಮೊದಲೇ ಕಾಪಿ ತೆಗೆದಿಡಬೇಕಿತ್ತು ಎಂದು ಮರಾಠಿಯಲ್ಲಿ ಹೇಳಿ ನಾಲ್ಕು ಗಂಟೆಯ ಗಾಡಿ ಹಿಡಿದು ಹೋದ.

ಮಹಾರಾಷ್ಟ್ರದ ಗಡಿಯೊಳಗಿನ ಜತ್ತಿನಲ್ಲಿ, ಎಸ್‌ಟಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ. ತೊಂಬತ್ತರ ದಶಕದಲ್ಲಿ ಎರಡು ಟೈಪ್‌ರೈಟರ್ ಇಟ್ಟುಕೊಂಡು ಶುರು ಮಾಡಿದ್ದು. ನಮ್ಮಪ್ಪ ಊರೂರು ತಿರುಗಿ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮನೆಮನೆಗೆ ಸ್ಟೀಲು ಬಂದ ಮೇಲೆ ಆ ಕೆಲಸಕ್ಕೆ ಯಾರೂ ಕರೆಯಲಿಲ್ಲ, ನಾನು ಟೈಪಿಂಗ್ ಕಲಿತೆ. ಮನೆಯೊಳಗೆ ನಾವು ದಖನಿ ಉರ್ದು ಮಾತಾಡುವವರು. ಹೊಸ್ತಿಲು ದಾಟಿದರೆ ಕನ್ನಡ, ತಹಸೀಲ್ ಕಚೇರಿ ಮುಟ್ಟಿದರೆ ಮರಾಠಿ. ಕಂಪ್ಯೂಟರ್ ತಂದಾಗ ಕನ್ನಡ ಅಕ್ಷರ ಹಾಕಿಸಿಕೊಂಡೆ. ನಮ್ಮ ಕಡೆ ಕನ್ನಡದಲ್ಲಿ ಲಗ್ನಪತ್ರಿಕೆ, ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಬೇಕೆಂದರೆ ನನ್ನ ಹತ್ತಿರವೇ ಬರಬೇಕಾಗಿತ್ತು. ಆಮೇಲೆ ಫೋನಿನ ತಂತಿಗೆ ಜೋಡಿಸಿ ಇಂಟರ್‌ನೆಟ್ಟೂ ತಂದೆ.

ಹಾಗೆ ನನ್ನ ಅಂಗಡಿಗೆ ಗುರುಜಿ ಬರತೊಡಗಿದರು. ನಾಲ್ಕನೆಯ ವರ್ಗದವರೆಗೆ ನನಗೆ ಕನ್ನಡ ಕಲಿಸಿದವರು ಅವರೇ. ನಿವೃತ್ತರಾದ ಮೇಲೆ, ತಾಲೂಕಿನ ಕನ್ನಡ ಶಾಲೆಗಳಲ್ಲಿ ಮಾಸ್ತರರ ಜಾಗಗಳು ಖಾಲಿ ಬಿದ್ದಿವೆ, ಒಬ್ಬನೇ ಮಾಸ್ತರ ನಾಲ್ಕು ವರ್ಗ ನೋಡುತ್ತಾನೆ, ಇದಕ್ಕೆ ಏನಾದರೂ ಮಾಡಬೇಕು ಎಂದು ಪಾಲಕರದೊಂದು ಕಮಿಟಿ ಕಟ್ಟಿದ್ದರು. ಮುಂಬಯಿ, ಪುಣೆ, ಸೋಲಾಪುರ, ವಿಜಾಪುರದಲ್ಲಿ ಇದ್ದ ನಮ್ಮ ಕಡೆಯ ನೌಕರದಾರರು, ಪತ್ರಿಕೆಯವರು, ಕಾಲೇಜಿನವರು ಎಲ್ಲರ ಜೊತೆ ಪತ್ರವ್ಯವಹಾರ ನನ್ನ ಕಂಪ್ಯೂಟರಿನಿಂದ ನಡೆಯುತ್ತಿತ್ತು. ಗುರುಜಿ ಕಣ್ಣು ಮುಚ್ಚಿ ಕನ್ನಡದಲ್ಲಿ ಹೇಳುವರು, ನಾನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆಯುವೆ, ಕೊನೆಗೆ ಅವರ ಹೆಸರು ಹಾಕುವೆ. ಊರೂರಿನ ಪಾಲಕರ, ಮಾಸ್ತರರ ಫೋನ್ ನಂಬರುಗಳನ್ನೂ ಅದೇ ವಿಳಾಸಪಟ್ಟಿಯಲ್ಲಿ ಹಾಕಿದ್ದೆ. ಅವರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಟೈಪ್ ಮಾಡಿಕೊಂಡು ಚೀಟಿ ಹರಿದು ಬಿಸಾಕುತ್ತಿದ್ದೆ. ಇನ್ನು ಇದು ಎಲ್ಲಿ ಹೋಗುತ್ತದೆ ಎನ್ನುವ ಧೈರ್ಯ.

ಮೇಲ್ ಹೋದ ಸುದ್ದಿ ಹೇಳಲು ಮರುದಿನವೇ ಸೋನ್ಯಾಳಕ್ಕೆ, ಗುರುಜಿಯ ಮನೆಗೆ ಹೋದೆ. ಅವರು ಸಿಟ್ಟಾಗಲಿಲ್ಲ.

“ಹೋದ್ರ ಹೋಗ್ಲಿ ಬಿಡು. ಮಂದಿ ಇದ್ದಾರಲ್ಲ, ಮತ್ತ ಕೇಳಿ ಬರ್ಕೋ,” ಅಂದರು.

ಆ ಮಾತಿನಿಂದ ನನಗೆ ಎಷ್ಟು ಹಗುರವಾಯಿತೆಂದರೆ, ಅಂಗಡಿಗೆ ವಾರಕ್ಕೊಂದು ದಿನ ಬೀಗ ಹಾಕಿ ಹಳ್ಳಿಗಳಿಗೆ ಹೊರಟೆ. ಒಂದು ವಾರ ಯಳವಿ, ಒಂದು ವಾರ ಕರಜಗಿ. ಎಸ್‌ಟಿ ಹಿಡಿದು ಹೋಗುವುದು, ಶಾಲೆ ಬಿಡುವವರೆಗೆ ಕಟ್ಟೆಯ ಮೇಲೆ ಕೂಡುವುದು, ನಂಬರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಸೋಲಾಪುರಕ್ಕೂ ಹೋಗಿ ಬಂದೆ. ಒಬ್ಬರ ಮೇಲ್ ವಿಳಾಸ ಸಿಕ್ಕರೆ ಅವರಿಂದ ಇನ್ನಿಬ್ಬರದು. ಹೀಗೆ ಅರ್ಧದಷ್ಟು ಕೂಡಿಸಿದೆ.

ಅಷ್ಟರಲ್ಲಿ ಆ ವರ್ಷ ಸರಕಾರ ಮಾಸ್ತರರ ಜಾಗ ತುಂಬಿದ ಸುದ್ದಿ ಬಂತು. ನಮ್ಮ ಕನ್ನಡ ಶಾಲೆಗಳಿಗೆ ಒಂದೂ ಇರಲಿಲ್ಲ. ಕಮಿಟಿಯ ಕಾರ್ಯದರ್ಶಿ ಯಳವಿಯ ಒಬ್ಬ ರೈತ. ಅವನ ಮಗಳು ಒಬ್ಬನೇ ಮಾಸ್ತರನಿದ್ದ ಶಾಲೆಯಲ್ಲಿ ಮೂರನೆಯ ವರ್ಗ ಓದುತ್ತಿದ್ದಳು. ಅವನು ಪುಣೆಯ ಶಿಕ್ಷಣ ಇಲಾಖೆಯ ಕಚೇರಿಗೇ ಫೋನು ಮಾಡಿದ. ಖಾಲಿ ಜಾಗಗಳ ಪಟ್ಟಿ ಕಳಿಸಿ ಎಂದು ನಿಮ್ಮ ಕಮಿಟಿಗೆ ಮೇಲ್ ಮಾಡಿದ್ದೆವು, ಹದಿನೈದು ದಿನ ಕಾಯ್ದೆವು, ಪಟ್ಟಿ ಬರಲಿಲ್ಲ ಎಂದು ಆ ಕಡೆಯಿಂದ ಯಾರೋ ಹೇಳಿದರಂತೆ.

ಮುಂದಿನ ರವಿವಾರ ಶಾಲೆಯ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು. ಇಪ್ಪತ್ತು ಮಂದಿ ಇರಬಹುದು. ಕಾರ್ಯದರ್ಶಿ ನನ್ನನ್ನು ನಿಲ್ಲಿಸಿ ಕೇಳಿದ: “ಪುಣೆದಿಂದ ಮೇಲ್ ಬಂದಿತ್ತೇನ್ರಿ?”

“ಬಂದಿತ್ತು. ಗುರುಜಿಗೆ ಓದಿ ಹೇಳೀನಿ. ಒಂದು ವಾರದಾಗ ಪಟ್ಟಿ ಕಳಸ್ತೀವಿ ಅಂತ ಗುರುಜಿನ ಹೇಳಿ ಬರಿಸ್ಯಾರ. ಆಮ್ಯಾಲ ಪಟ್ಟಿ ನನ್ನ ಕೈಗೆ ಬರಲಿಲ್ಲ.”

ಅದು ನಡೆದದ್ದು ಹಾಗೆಯೇ. ಸಾಫ್ಟ್‌ವೇರು ಬದಲಿಸುವುದಕ್ಕಿಂತ ಮೊದಲಿನ ಮಾತು, ಆಗ ಗುರುಜಿಯ ಮನೆಯಲ್ಲಿ ಮಗಳ ಲಗ್ನದ ಗಡಿಬಿಡಿ. ನಾನು ಎರಡು ಸಲ ನೆನಪು ಮಾಡಿದ್ದೆ. ತರ್ತೀನಿ, ತರ್ತೀನಿ ಅಂದಿದ್ದರು. ಆಮೇಲೆ ಲಗ್ನವಾಯಿತು. ಹದಿನೈದು ದಿನ ಹೋದದ್ದು ಅವರಿಗೂ ತಿಳಿಯಲಿಲ್ಲ, ಲಗ್ನಪತ್ರಿಕೆಗಳ ಕೆಲಸದಲ್ಲಿ ನನಗೂ ತಿಳಿಯಲಿಲ್ಲ. ಮೂರನೆಯ ಸಲ ಕೇಳದಿದ್ದದ್ದು ನನ್ನ ತಪ್ಪು, ಅದನ್ನೂ ಹೇಳಿದೆ.

ಎಲ್ಲರೂ ಗುರುಜಿಯ ಕಡೆ ನೋಡಿದರು. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದರು:

“ಅಂಥಾ ಮೇಲ್ ಬಂದದ್ದು ನನಗ ಗೊತ್ತಿಲ್ಲ. ನನಗೇನೂ ತೋರಿಸಿಲ್ಲ ಇಂವ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಗುರುಜಿ, ನೀವ ಹೇಳಿದ್ರಿ, ನಾ ಬರದೆ. ನೆನಪು ಮಾಡ್ಕೋರಿ,” ಅಂದೆ.

“ಹಂಗಾದ್ರ ತೋರಿಸು ನೋಡೂನು ಆ ಮೇಲ್,” ಎಂದು ಹಿಂದಿನಿಂದ ಯಾರೋ ಅಂದರು.

ಎಲ್ಲಿಂದ ತೋರಿಸಲಿ? ಆ ಮೇಲ್ ಕಳಿಸಿದ್ದ ಪುಣೆಯ ಅಧಿಕಾರಿಗೆ ಅಷ್ಟರಲ್ಲಿ ಬೇರೆ ಕಡೆ ವರ್ಗವಾಗಿತ್ತು, ಅವರ ವಿಳಾಸವೂ ಹೋದದ್ದರಲ್ಲಿ ಸೇರಿತ್ತು. ಸಾಫ್ಟ್‌ವೇರು ಬದಲಿಸಿದಾಗ ಎಲ್ಲ ಹೋಯಿತು ಎಂದು ನಾನು ಇನ್ನೊಮ್ಮೆ ಹೇಳಿದೆ. ಹೇಳುವಾಗಲೇ ಆ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ಬೇಕಾದ ಪತ್ರವೇ ಬೇಕಾದ ಹೊತ್ತಿಗೆ ಹೋಗಿಬಿಟ್ಟಿದೆ ಎಂದರೆ ಯಾರು ನಂಬುತ್ತಾರೆ. ಗುರುಜಿ ಎದ್ದು ನನ್ನ ಹೆಗಲ ಮೇಲೆ ಕೈಯಿಟ್ಟು, “ಹುಡುಗ ಬೇಕಂತ ಮಾಡಿರಾಕಿಲ್ಲ, ಬಿಡ್ರಿ,” ಅಂದರು. ಆ ಕೈಯ ಭಾರ ಈಗಲೂ ನನ್ನ ಹೆಗಲಿಗೆ ಗೊತ್ತು. ನನಗಾಗ ಮೂವತ್ತೈದು ದಾಟಿತ್ತು, ಎರಡು ಮಕ್ಕಳ ತಂದೆ.

ಆಮೇಲೆ ನಂಬರು ಕೇಳಲು ಹೋದರೆ ಜನ ಮೊದಲಿನ ಹಾಗೆ ಬರ್ರಿ, ಕುಂದ್ರಿ ಅನ್ನಲಿಲ್ಲ. ಒಂದು ದಿನ ಎಸ್‌ಟಿಯಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತ ಇಬ್ಬರು, ನಾನು ಮುಂದಿರುವುದು ತಿಳಿಯದೆ ಮಾತಾಡುತ್ತಿದ್ದರು.

“ಮೇಲ್ ಹೋಗಿಲ್ಲೋ ಮಾರಾಯಾ, ಅಂವನ ಅಳಿಸ್ಯಾನ. ಉರ್ದು ಸಾಲಿಗೆ ಜಾಗಾ ಸಿಗ್ಲಿ ಅಂತ.”

“ಮತ್ತ ಗುರುಜಿ ಅಂವನ್ನ ಯಾಕ ನಂಬಿದ್ರು?”

“ಗುರುಜಿ ಭಾಳ ಭೋಳೆ ಮನಶ್ಯಾ, ಯಾರನ್ನಾದ್ರೂ ನಂಬ್ತಾರ.”

ನಾನು ತಿರುಗಿ ನೋಡಲಿಲ್ಲ. ನನ್ನ ಇಬ್ಬರು ಮಕ್ಕಳೂ ಕನ್ನಡ ಶಾಲೆಯಲ್ಲೇ ಇದ್ದರು. ಮೊಹಲ್ಲಾದವರು ಉರ್ದು ಶಾಲೆಗೆ ಯಾಕೆ ಹಾಕಲಿಲ್ಲ ಎಂದು ಕೇಳಿದಾಗ, ಗುರುಜಿ ನಮಗೆ ಕಲಿಸಿದ ಭಾಷೆ ಎಂದು ಎದೆಯುಬ್ಬಿಸಿ ಉತ್ತರ ಕೊಟ್ಟವನು ನಾನು. ಅದನ್ನು ಆ ಇಬ್ಬರಿಗೆ ಹೇಳಬಹುದಿತ್ತು. ಹೇಳಿದರೆ ನಾನು ಕನ್ನಡದವನು ಎನ್ನುವುದಕ್ಕೆ ಪುರಾವೆ ಕೊಟ್ಟ ಹಾಗಾಗುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಊರಿಗೆ ಬಂದೆ. ನಂಬರು ಬರೆದುಕೊಳ್ಳುವ ಕೆಲಸ ಅಲ್ಲಿಗೆ ನಿಲ್ಲಿಸಿದೆ.

ಮೇಲ್ ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಗಿರಾಕಿ ಇಲ್ಲದಾಗೆಲ್ಲ ಕಂಪ್ಯೂಟರಿನ ಒಂದೊಂದು ಫೋಲ್ಡರ್ ತೆರೆದು ನೋಡುತ್ತಿದ್ದೆ. ಮಿರಜಿನಲ್ಲಿ ಕಂಪ್ಯೂಟರ್ ರಿಪೇರಿಯವರೊಬ್ಬರಿಗೆ ತೋರಿಸಿದೆ, ಆಗುವುದಿಲ್ಲ ಎಂದರು. ಇನ್ನೊಬ್ಬರೂ ಅದನ್ನೇ ಅಂದರು. ಹೆಂಡತಿ, ಅನ್ನುವವರು ಅಂದುಕೊಳ್ಳಲಿ, ಬಿಟ್ಟುಬಿಡಿ ಎಂದಳು. ಬಿಡಲು ನನ್ನಿಂದಾಗಲಿಲ್ಲ.

ಆ ರವಿವಾರದ ಸಭೆಯಾಗಿ ಎಂಟು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಗಿರಾಕಿಯೊಬ್ಬನ ಫ್ಲಾಪಿಯಿಂದ ವೈರಸ್ ಬಂತು. ಅದನ್ನು ಹುಡುಕಲು, ಮುಚ್ಚಿಟ್ಟ ಫೋಲ್ಡರುಗಳನ್ನೂ ತೋರಿಸು ಎನ್ನುವ ಒಂದು ಗುರುತು ಹಾಕಬೇಕು ಎಂದು ಒಂದು ಮರಾಠಿ ಪತ್ರಿಕೆಯಲ್ಲಿ ಓದಿದ್ದೆ. ಹಾಕಿದೆ. ಆವರೆಗೆ ಕಾಣದಿದ್ದ ಹತ್ತಾರು ಫೋಲ್ಡರುಗಳು ಮಸುಕಾಗಿ ಕಂಡವು. ಒಂದರೊಳಗೆ ಒಂದು ಇಳಿಯುತ್ತ ಹೋದರೆ, ಉದ್ದನೆಯ ಅಂಕಿ-ಅಕ್ಷರಗಳ ಹೆಸರಿನ ಒಂದು ಫೋಲ್ಡರ್. ಅದರಲ್ಲಿ ಹಳೆಯ ಇನ್‌ಬಾಕ್ಸ್, ಕಳಿಸಿದ ಪತ್ರಗಳ ಫೈಲು, ವಿಳಾಸದ ಫೈಲು. ಏನೂ ಹೋಗಿರಲಿಲ್ಲ. ಹೊಸ ಸಾಫ್ಟ್‌ವೇರು ತನಗೊಂದು ಹೊಸ ಜಾಗ ಮಾಡಿಕೊಂಡು ಹಳೆಯದನ್ನು ತೆರೆಯದೆ ಬಿಟ್ಟಿತ್ತು, ಅಷ್ಟೇ. ಆ ಮೆಕ್ಯಾನಿಕ್ ಇನ್ನು ಹತ್ತು ನಿಮಿಷ ಕೂತಿದ್ದರೆ ಸಿಗುತ್ತಿತ್ತು. ನಾನು ಮರುದಿನವೇ ಆ ಗುರುತು ಹಾಕಿದ್ದರೆ ಸಿಗುತ್ತಿತ್ತು.

ಹಳೆಯ ಫೈಲುಗಳನ್ನು ಹೊಸದರೊಳಗೆ ತರಲು ಅಪ್ಪಣೆ ಕೊಟ್ಟೆ. ಪತ್ರಗಳು ಒಂದೊಂದೇ ಇಳಿದವು. ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಎರಡು ತಾಸಿನ ಲೋಡ್‌ಶೆಡ್ಡಿಂಗು. ಆ ಎರಡು ತಾಸು ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಮಾಡಿದೆ. ವಿಳಾಸಗಳು ಬಂದವು. ಪುಣೆಯ ಮೇಲ್ ಬಂತು. ಅದಕ್ಕೆ ಕೊಟ್ಟ ಉತ್ತರವೂ ಬಂತು, ಕೆಳಗೆ ಗುರುಜಿಯ ಹೆಸರು, ಮೇಲೆ ತಾರೀಖು, ವೇಳೆ. ಎರಡನ್ನೂ ಪ್ರಿಂಟ್ ತೆಗೆದು ಅಂಗಿಯೊಳಗೆ ಇಟ್ಟುಕೊಂಡೆ.

ಮೊದಲು ಯಳವಿಗೆ, ಕಾರ್ಯದರ್ಶಿಯ ಹೊಲಕ್ಕೆ ಹೋದೆ. ಅವನು ಕೈ ತೊಳೆದುಕೊಂಡು ಬಂದು, ಎರಡೂ ಹಾಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದನ್ನ ಟೈಪ್ ಬಡದವರು ಯಾರ್ರಿ?”

“ನಾನ.”

“ಹೆಸರ ಹಾಕಿದವರು?”

“ನಾನ. ಗುರುಜಿ ಹಾಕು ಅಂದ್ರು.”

“ಹಂಗಾದ್ರ ಇದರಾಗ ಗುರುಜಿದು ಏನೈತ್ರಿ? ಸಹಿ ಇಲ್ಲ, ಅಕ್ಷರ ಇಲ್ಲ. ಎಂಟು ತಿಂಗಳಾದ ಮ್ಯಾಲ ತಂದೀರಿ. ನಿನ್ನೆ ಕುಂತು ಬಡದಿದ್ರೂ ಇದು ಹಿಂಗ ಇರ್ತಿತ್ತು.” ಅವನು ಸಿಟ್ಟಿನಿಂದ ಹೇಳಲಿಲ್ಲ. ಹಾಳೆ ಮಡಚಿ ಕೈಗೆ ಕೊಟ್ಟು, “ಕಮಿಟಿನೂ ಈಗ ಉಳಿದಿಲ್ಲ. ನಾ ಮಗಳನ್ನ ಮರಾಠಿ ಸಾಲಿಗೆ ಹಾಕೀನಿ. ಚಾ ಕುಡದ ಹೋಗ್ರಿ,” ಅಂದ.

ಚಹಾ ಕುಡಿಯಲಿಲ್ಲ. ಮರುದಿನ ಸೋನ್ಯಾಳಕ್ಕೆ ಹೋದೆ. ಗುರುಜಿ ಒಬ್ಬರೇ ಇದ್ದರು. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಓದಿ ಮುಗಿದ ಮೇಲೂ ಹಾಳೆಯನ್ನೇ ನೋಡುತ್ತಿದ್ದರು.

“ಸಿಕ್ತೇನು,” ಅಂದರು.

“ಸಿಕ್ತು ಗುರುಜಿ. ಈಗರೆ ನೆನಪಾತ?”

“ನೆನಪು ಅವತ್ತೂ ಇತ್ತು.”

ಅವರೇ ಮುಂದುವರಿಸಿದರು. “ನಾ ಮರೆತೆ ಅಂತ ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ? ಅಷ್ಟೂ ಮಂದಿ ಮಕ್ಕಳ ಸಾಲಿಗೆ ಮಾಸ್ತರ ಜಾಗಾ ತಪ್ಪಿತ್ತು. ನನ್ನ ಹೆಸರು ಉಳೀತಿರಲಿಲ್ಲ. ನೀ ವಯಸ್ಸಿನ್ಯಾಗ ಸಣ್ಣಾವ, ನಾಕ ದಿನ ಅಂತಾರ, ಬಿಡ್ತಾರ ಅಂದ್ಕೊಂಡೆ.”

“ನನಗ ಏನೇನಂದ್ರು ಗೊತ್ತೇನ್ರಿ ನಿಮಗ?”

“ಕೇಳೀನಿ.”

ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಕೇಳಿಸಿಕೊಂಡೂ ಸುಮ್ಮನಿದ್ದರು. “ನಾಲ್ಕು ಮಂದಿ ಮುಂದ ಒಂದ ಮಾತು ಹೇಳ್ರಿ. ಸಾಕು,” ಅಂದೆ.

“ಈಗ ಯಾರಿಗೆ ಬೇಕಾಗೇದ ಅದು? ಕೆದರಿದ್ರ ಮತ್ತ ಎಲ್ಲಾರೂ ನಿನ್ನ ಹೆಸರೇ ತಗೀತಾರ. ಸುಮ್ನಿರು.” ಹಾಳೆಗಳನ್ನು ನನಗೆ ತಿರುಗಿ ಕೊಡಲಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡರು. ನಾನೂ ಕೇಳಲಿಲ್ಲ, ಬೇಕಾದರೆ ಇನ್ನೊಂದು ತೆಗೆಯಬಹುದಿತ್ತು. ತೆಗೆಯಲಿಲ್ಲ.

ಸಿಕ್ಕ ವಿಳಾಸಗಳಿಗೆಲ್ಲ ಒಂದು ಪತ್ರ ಬರೆದೆ. ಮೇಲ್ ಹೋಗಿದ್ದವು, ಈಗ ಸಿಕ್ಕಿವೆ, ಮೊದಲಿನಂತೆ ಕೆಲಸ ಮುಂದುವರಿಸೋಣ ಎಂದು. ಬಹಳಷ್ಟು ವಿಳಾಸಗಳು ಆಗಲೇ ಸತ್ತಿದ್ದವು, ಪತ್ರ ತಿರುಗಿ ಬಂತು. ಮುಂಬಯಿಯ ಒಬ್ಬರು ಮಾತ್ರ ಉತ್ತರ ಬರೆದರು, ಒಂದೇ ಸಾಲು: ಇನ್ನು ಮೇಲೆ ಗುರುಜಿಯವರ ಜೊತೆಗೇ ನೇರ ಮಾತಾಡುತ್ತೇವೆ.

ಎರಡು ವರ್ಷದ ಮೇಲೆ ಊರಿನವರು ಗುರುಜಿಗೆ ಸತ್ಕಾರ ಮಾಡುವುದೆಂದು ಆಯಿತು. ಮಾನಪತ್ರ ಕನ್ನಡದಲ್ಲಿ ಬೇಕು, ಕನ್ನಡ ಟೈಪಿಂಗ್ ಆಗಲೂ ನನ್ನ ಹತ್ತಿರವೇ ಇತ್ತು. ಯಾರೋ ಬರೆದ ಕರಡು ಕೊಟ್ಟು ಹೋದರು. ಗಡಿಭಾಗದ ಕನ್ನಡ ಶಾಲೆಗಳಿಗಾಗಿ ಸರಕಾರದೊಂದಿಗೆ ಬಿಡದೆ ಪತ್ರವ್ಯವಹಾರ ನಡೆಸಿದ ಧೀಮಂತರು ಎಂಬ ಸಾಲು ಅದರಲ್ಲಿತ್ತು. ಟೈಪ್ ಮಾಡಲು ಒಲ್ಲೆ ಎಂದುಬಿಡಬಹುದಿತ್ತು. ಹಾಗಂದರೆ, ನೋಡಿದಿರಾ, ಇವನ ಮನಸ್ಸಿನಲ್ಲಿ ಇರುವುದೇ ಹೀಗೆ ಎನ್ನುತ್ತಿದ್ದರು. ಟೈಪ್ ಮಾಡಿದೆ.

ತಿದ್ದಿ ನೋಡಲು ಗುರುಜಿ ಸ್ವತಃ ಅಂಗಡಿಗೆ ಬಂದರು. ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಪೆನ್ನು ಹಿಡಿದು ಮೇಲಿನಿಂದ ಓದುತ್ತ ಬಂದರು. ಆ ಸಾಲಿಗೆ ಬಂದಾಗ ಪೆನ್ನು ನಿಂತಿತು. ಈಗ ಹೊಡೆದುಹಾಕುತ್ತಾರೆ ಎಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ.

“ಧೀಮಂತ ಅನ್ನೋದಕ್ಕ ಮಹಾಪ್ರಾಣ ಬಿಟ್ಟೀಯಲ್ಲ,” ಎಂದು ಒಂದು ಗೀಟು ಎಳೆದು ಮುಂದೆ ಓದಿದರು.

ನಾನು ಅದನ್ನು ಸರಿ ಮಾಡಿ, ಹೊಸ ಪ್ರತಿ ತೆಗೆದು, ಗಟ್ಟಿ ಹಾಳೆಯ ಮೇಲೆ ಪ್ರಿಂಟ್ ಹಾಕಿ ಕೊಟ್ಟೆ. ಸತ್ಕಾರಕ್ಕೆ ಹೋಗಲಿಲ್ಲ. ಅವರು ತೀರಿಕೊಂಡಾಗ ಮಾತ್ರ ಹೋಗಿ, ದೂರ ನಿಂತು ನೋಡಿ ಬಂದೆ. ಅಳು ಬರಲಿಲ್ಲ.