ಗಂಡನ ಹೆಸರು ಹೇಳದ ತಪ್ಪಿಗೆ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಆಗ ಟವೆಲಿನ ಕೆಳಗೆ ಕೈ ಹಿಡಿದು, ಬೆರಳಲ್ಲೇ ದರ ಕುದುರಿಸುತ್ತಿದ್ದೆವು. ಮೊದಲು ಬಾಯಿ ಬಿಟ್ಟವನು ಸೋತ ಹಾಗೆ. ಬರಿಗೈಲಿ ಬಂದ ನಾನು ಆ ಒಂದು ಪಾಠದಿಂದಲೇ ಮೇಲೆದ್ದವನು. ಅದನ್ನೇ ಮಂಡಿಯ ಆಚೆಗೂ ಬಳಸಲು ಹೋಗಿ ತಮ್ಮನ ಸಂಸಾರ ಮುಳುಗಿಸುವುದರಲ್ಲಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು.

ತಮ್ಮನದು ಹಳೇಬೀಡಿನಲ್ಲಿ ಕಿರಾಣಿ ಅಂಗಡಿ. ಅವನ ಹೆಂಡತಿ ಹುಟ್ಟಿದ್ದು ರಂಗೂನಿನಲ್ಲಿ. ತಂದೆ ನಮ್ಮ ಕಡೆಯವರೇ, ವ್ಯಾಪಾರಕ್ಕೆಂದು ಹೋಗಿ ಅಲ್ಲೇ ನೆಲೆಸಿದವರು. ಹೆತ್ತವರಿಬ್ಬರೂ ತೀರಿಕೊಂಡ ಮೇಲೆ ಸೋದರಮಾವನ ಜೊತೆ ಹಡಗು ಹತ್ತಿ ಬಂದಳು, ಕೈಯಲ್ಲಿ ಬರ್ಮಾದ ಪೌರತ್ವದ ಕಾಗದ. ಮಠದಲ್ಲಿ ಮದುವೆಯಾಯಿತು, ಮಗಳು ಹುಟ್ಟಿದಳು. ಆದರೂ ಸರ್ಕಾರದ ಪಾಲಿಗೆ ಅವಳು ವಿದೇಶಿ. ಇಲ್ಲಿರಲು ವರ್ಷ ವರ್ಷವೂ ಅನುಮತಿ ಬೇಡಬೇಕು. ಈ ತಾಪತ್ರಯವೇ ಬೇಡವೆಂದು, ಇಲ್ಲಿಯವನ ಹೆಂಡತಿ ಎಂಬ ಆಧಾರದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಿಸಿದವನು ನಾನು. ಲಗ್ನಪತ್ರಿಕೆ, ರೇಷನ್ ಕಾರ್ಡು, ಮಗುವಿನ ಜನನ ಪತ್ರ, ಮಠದ ಸ್ವಾಮಿಗಳ ಕಾಗದ ಎಲ್ಲ ಲಗತ್ತಿಸಿ, ಒಂದೊಂದರ ನಕಲಿಗೂ ಕಚೇರಿಯ ಮೊಹರು ಹೊಡೆಸಿಕೊಂಡೆ. ನೀವೂ ಹೊಡೆಸಿಕೊಳ್ಳಿ. ಗುಮಾಸ್ತ ಗೊಣಗಿದರೆ ಗೊಣಗಲಿ.

ವಿಚಾರಣೆಗೆ ಬೇಲೂರಿನಿಂದ ಪೊಲೀಸ್ ದಫೇದಾರರು ಬರುತ್ತಾರೆಂದು ತಿಳಿದಾಗ, ಹಿಂದಿನ ದಿನವೇ ಹೋಗಿ ಅವಳನ್ನು ಕೂರಿಸಿ ಬುದ್ಧಿ ಹೇಳಿದೆ.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಅನುಮಾನ ಬಂದ್ರೆ ಸುಮ್ಮನಿದ್ದುಬಿಡು. ಸುಮ್ಮನಿದ್ದು ಕೆಟ್ಟೋರಿಲ್ಲ ಕಣಮ್ಮ."

ಅವರು ಬಂದಾಗ ಅಂಗಡಿಗೆ ಸಾಮಾನು ತರಲೆಂದು ತಮ್ಮ ಅರಸೀಕೆರೆಗೆ ಬಂದಿದ್ದ. ಮನೆಯಲ್ಲಿ ಅವಳು, ನಮ್ಮವ್ವ, ಮಗು. ಊರು, ತಂದೆ, ಬಂದ ಹಡಗು ಎಲ್ಲಕ್ಕೂ ಉತ್ತರ ಕೊಟ್ಟಳಂತೆ. ಆಮೇಲೆ ಗಂಡನ ಹೆಸರು ಕೇಳಿದರು. ನಮ್ಮ ಮನೆಗಳಲ್ಲಿ ಹೆಂಡತಿಯಾದವಳು ಅದನ್ನು ನಾಲಿಗೆ ಮೇಲೆ ತರುವುದಿಲ್ಲ. ತಂದರೆ ಅವನ ಆಯಸ್ಸು ಸವೆಯುತ್ತದೆಂಬ ನಂಬಿಕೆ. ರಂಗೂನಿನ ಅವರ ಮನೆಯಲ್ಲಿ ಇದೆಲ್ಲ ಇರಲಿಲ್ಲ. ಇಲ್ಲಿಗೆ ಬಂದು, ನಮ್ಮವಳಾಗಬೇಕೆಂದು, ಅವ್ವನಿಂದ ಕಲಿತದ್ದು. ಮೂರು ಸಲ ಕೇಳಿದರಂತೆ. ಮೂರು ಸಲವೂ ತಲೆ ತಗ್ಗಿಸಿದಳು. ನಮ್ಮಲ್ಲಿ ಹಂಗೆಲ್ಲ ಹೇಳಕ್ಕಿಲ್ಲ ಅಂತ ಅವ್ವ ಮಗನ ಹೆಸರನ್ನು ತಾನೇ ಹೇಳಿದರೂ ದಫೇದಾರರು ಅದನ್ನು ಬರೆದುಕೊಳ್ಳಲಿಲ್ಲ. ಅವರು ಕೇಳಿದ್ದು ಸೊಸೆಯನ್ನು.

ಎರಡು ತಿಂಗಳಿಗೆ ಜಿಲ್ಲಾ ಕಚೇರಿಯಿಂದ ಆದೇಶ ಬಂತು. ಅರ್ಜಿದಾರಳಿಗೆ ಗಂಡನ ಹೆಸರೇ ತಿಳಿದಿಲ್ಲ, ಆದ್ದರಿಂದ ಮದುವೆ ನಂಬತಕ್ಕದ್ದಲ್ಲ, ಅರ್ಜಿ ವಜಾ, ತಿಂಗಳೊಳಗೆ ದೇಶ ಬಿಡಬೇಕು. ಮಗು ಇಲ್ಲಿಯದು, ಅದು ಇರಬಹುದು. ತಾಯಿ ಹೋಗಬೇಕು. ಹೋಗಲು ರಂಗೂನಿನಲ್ಲಿ ಅವಳವರು ಯಾರೂ ಉಳಿದಿರಲಿಲ್ಲ.

ಆದೇಶ ಮಾಡಿದ ಅಧಿಕಾರಿಯ ಹತ್ತಿರ ಹೋಗಿ ಚೌಕಾಸಿಗಿಳಿದೆ. ಪೌರತ್ವ ಬೇಡ, ಮೂರು ವರ್ಷ ಇರಗೊಡಿ. ಅದೂ ಬೇಡ, ಒಂದು ವರ್ಷ. ಅವರು ತಲೆ ಎತ್ತದೆ, ಫೈಲು ಮುಗೀತು ಕಣ್ರೀ ಅಂದರು. ಅಷ್ಟು ವರ್ಷದ ವ್ಯಾಪಾರದಲ್ಲಿ ನನ್ನ ಎದುರು ಹಾಗೆ ಕೈ ಎಳೆದುಕೊಂಡವರು ಯಾರೂ ಇರಲಿಲ್ಲ.

ಅಲ್ಲಿಂದ ನೇರ ರೈಲು ಹತ್ತಿ ಬೆಂಗಳೂರಿನ ಒಬ್ಬ ವಕೀಲರ ಮನೆ. ಅವರಿಗೂ ಅದನ್ನೇ ಹೇಳಿದೆ, ಜಡ್ಜರ ಹತ್ತಿರ ಒಂದು ವರ್ಷವಾದರೂ ಕೇಳಿ ನೋಡಿ ಅಂತ.

"ಜಡ್ಜು ಪೌರತ್ವ ಕೊಡೋಕೆ ಕೂತಿಲ್ಲ ಯಜಮಾನ್ರೇ," ಅಂದರು. "ವಿವೇಕ ಇರೋ ಯಾರೂ ಮಾಡದ ತೀರ್ಮಾನ ಅಧಿಕಾರಿ ಮಾಡಿದ್ರೆ ಅದನ್ನ ಹೊಡೆದುಹಾಕ್ತಾರೆ. ಸರಿಯಾಗಿ ನೋಡು ಅಂತ ವಾಪಸ್ ಅವರಿಗೇ ಕಳಿಸ್ತಾರೆ. ಅಷ್ಟೇ."

ತಿರುಗಿ ಅದೇ ಕಚೇರಿಗೇ ಹೋಗುವುದಾದರೆ ಇಷ್ಟೆಲ್ಲ ಯಾಕೆ ಅನ್ನಿಸಿತು. ಆದರೆ ವಕೀಲರು ಮೊದಲು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು; ಅವಳು ಮಗುವಿನ ಜೊತೆ ಉಳಿದಳು.

ಕೇಸು ಕೂಗಿದ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಸರ್ಕಾರಿ ವಕೀಲರು ನಮ್ಮ ಸೀಮೆಯವರೇ, ನಡು ವಯಸ್ಸು ದಾಟಿದವರು. ಜಡ್ಜರು ಮೊಹರು ಬಿದ್ದ ನಮ್ಮ ಕಾಗದಗಳನ್ನು ಒಂದೊಂದಾಗಿ ತಿರುವಿ, ಇವನ್ನು ನೋಡಿದ ಬಗ್ಗೆ ಆದೇಶದಲ್ಲಿ ಒಂದು ಸಾಲೂ ಇಲ್ಲವಲ್ಲ ಎಂದು ಕೇಳಿದರು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ ಅಂದರು:

"ನಿಮ್ಮ ತಾಯಿ ನಿಮ್ಮ ತಂದೆ ಹೆಸರು ಹೇಳ್ತಿದ್ರಾ?"

ಸರ್ಕಾರಿ ವಕೀಲರು ಇಲ್ಲ ಅಂದರು.

ಈ ನಾಡನ್ನು ಬಲ್ಲ ಯಾರೂ ಆ ಮೌನದಿಂದ ಇಂಥ ತೀರ್ಮಾನಕ್ಕೆ ಬರಲಾರರು, ವಿವರಣೆ ಕೊಡಲು ಅವಳಿಗೆ ಅವಕಾಶವನ್ನೂ ಕೊಟ್ಟಿಲ್ಲ ಎಂದು ಜಡ್ಜರು ಬರೆಸಿ, ಆದೇಶ ರದ್ದು ಮಾಡಿ, ಮತ್ತೆ ವಿಚಾರಿಸಿ ಎಂದು ಕಳಿಸಿದರು.

ಎರಡನೇ ವಿಚಾರಣೆ ಬೇಲೂರಿನ ಕಚೇರಿಯಲ್ಲಿ ಆಯಿತು. ಈ ಸಲ ನಾನು ಯಾವ ಬುದ್ಧಿಯೂ ಹೇಳಲಿಲ್ಲ. ಹೊರಡುವಾಗ ಅವ್ವ ಸೊಸೆಯ ತಲೆ ಸವರಿ, "ಹೇಳ್ಬಿಡು ತಾಯಿ, ಪಾಪ ನನಗಿರ್ಲಿ" ಅಂದಳು. ಹೊಸ ಅಧಿಕಾರಿ ಒಳ್ಳೆಯವರು, ಬರೆದುಕೊಟ್ಟರೂ ಆದೀತು ಎಂದು ಕಾಗದ ಮುಂದಿಟ್ಟರು. ಅವಳು ಅದನ್ನು ಮುಟ್ಟಲಿಲ್ಲ. ಪಕ್ಕದಲ್ಲಿದ್ದ ತಮ್ಮನ ಕಡೆ ಒಮ್ಮೆ ನೋಡಿ, ಅವನ ಹೆಸರನ್ನು ಬಿಡಿಬಿಡಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು. ಅವನು ನೆಲ ನೋಡುತ್ತ ನಿಂತ.

ಮುಂದೆ ಪೌರತ್ವದ ಪತ್ರ ಬಂತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅವತ್ತು ಹಳೇಬೀಡಿಗೆ ವಾಪಸಾಗುವ ಬಸ್ಸಿನಲ್ಲಿ ಅವಳಾಡಿದ ಮಾತು.

"ದಫೇದಾರರು ಬಂದ ದಿನವೂ ಹೇಳಿಬಿಡಬೇಕು ಅಂತಿದ್ದೆ ಭಾವ. ಸುಮ್ಮನಿರು ಅಂದಿದ್ರಲ್ಲ ನೀವು."

ಈಗ ಯಾರಾದರೂ ವಿಚಾರಣೆಗೆ ಮುಂಚೆ ಬುದ್ಧಿ ಕೇಳಿಕೊಂಡು ಬಂದರೆ ಇಷ್ಟೇ ಹೇಳುತ್ತೇನೆ: ಬಾಯಿ ಬಿಟ್ಟು ಹೇಳಿ. ಹೇಳಲಾಗದಿದ್ದರೆ, ಯಾಕೆ ಆಗದು ಅನ್ನುವುದನ್ನಾದರೂ ವಿಚಾರಿಸುವವರಿಂದ ಬರೆಸಿಯೇ ಏಳಿ.

ಅವಳು ಮತ್ತೆ ಆ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ.